ಉಪ್ಪು ಸರಿಯಾಗದಾ ನೋಡ್ಲಾ

ಲೋ ಸಿದ್ದ,

ನೀನು ಪುಣೆಯಿಂದ ಕಳಿಸಿದ ಮೂರೂ ವಾಯ್ಸ್ ಮೆಸೇಜ್ ಕೇಳಿದೆ. ಹನ್ನೊಂದು ನಿಮಿಷ ಬರೀ ಅಡುಗೆ ವಿಷಯ! ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ "ಆಯ್ತು ಬಿಡು" ಅನ್ನುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಹಾಗೆ ಇಲ್ಲೇ ಹಾಕುತ್ತೇನೆ. ಊರು ಬಿಟ್ಟು ಹೋದ ನಮ್ಮ ಹುಡುಗರು ಇನ್ನೂ ಮೂರು ನಾಲ್ಕು ಜನ ಇದನ್ನೇ ಕೇಳಿದ್ದಾರೆ. ಮದ್ದೂರು ಸ್ಟೇಷನ್ ವಿಷಯ ಮಾತ್ರ ಬರೆಯಲ್ಲ, ಹೆದರಬೇಡ.

ಮೊದಲು ಮುದ್ದೆ. ಗಂಟಾಗುತ್ತದೆ ಅಂತ ಹಿಟ್ಟನ್ನು ಬೈಯುತ್ತಿದ್ದೀಯ, ತಪ್ಪು ಅವಸರದ್ದು. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ನೀರು ಕಾಯುವ ಮೊದಲೇ ಒಂದು ಚಮಚ ಹಿಟ್ಟನ್ನು ಅದರಲ್ಲಿ ಕದಡು. ಅದು ಅಂಬಲಿ ಥರ ಚೆನ್ನಾಗಿ ಕುದಿ ಬಂದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು ಸುಮ್ನೆ ಬಿಡಬೇಕು. ನೀನು ಅಲ್ಲೇ ಕೋಲು ಹಾಕಿ ತಿರುವುತ್ತೀಯ, ನನಗೆ ಗೊತ್ತು. ಬೇಡ. ಕೋಲಿನಿಂದ ಗುಡ್ಡೆಯ ನಡುವೆ ಒಂದು ತೂತು ಮಾಡಿ, ಉರಿ ಸಣ್ಣ ಮಾಡಿ ಏಳೆಂಟು ನಿಮಿಷ ಕಾಯಿ, ನೀರು ಹಿಟ್ಟಿನ ಮೇಲೆ ಉಕ್ಕಿ ಉಕ್ಕಿ ಅದು ಒಳಗೆಲ್ಲ ಬೇಯಲಿ. ಆಮೇಲೆ ಇಳಿಸಿ, ನೆಲದ ಮೇಲೆ ಕೂತು, ಪಾತ್ರೆ ಒತ್ತಿ ಹಿಡಿದು ತೊಳಸು. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು. ಇನ್ನೊಂದು, ಒಬ್ಬನೇ ಅಂತ ಅರ್ಧ ಲೋಟ ಹಿಟ್ಟು ಹಾಕಬೇಡ, ಅಷ್ಟು ಕಡಿಮೆ ಹಾಕಿದರೆ ಬೇಯುವ ಮೊದಲೇ ತಳ ಹಿಡಿಯುತ್ತದೆ. ಎರಡು ಮುದ್ದೆಗಾದರೂ ಇಡು. ಮೂರನೇದು ಯಾರದು ಅಂತ ನಿನಗೆ ಗೊತ್ತೇ ಇದೆ.

ಪ್ಯಾಕೆಟ್ ಹಿಟ್ಟು ನನಗೆ ಇಷ್ಟವಿಲ್ಲ. ಅಲ್ಲಿ ರಾಗಿಗೆ ನಾಚಣಿ ಅನ್ನುತ್ತಾರೆ, ಹಾಗಂತ ಕೇಳಿ ಕಾಳೇ ತಗೋ. ಕಲ್ಲು ಆರಿಸಿ ಗಿರಣಿಯಲ್ಲಿ ಬೀಸಿಸು. ನಾವು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮ್ ಪಕ್ಕದಲ್ಲಿ ಬೆಳೆದವರು ಕಣೋ. ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿ ತೆಗೆದ ಜಾಗ ಅದು. ಅವ್ವ ಈಗಲೂ ಒಳ್ಳೇ ರಾಗಿ ಕಂಡರೆ "ಇಂಡಾಪು" ಅಂತಲೇ ಅನ್ನುವುದು. ಅಂಥ ಊರಿನವನು ಆರು ತಿಂಗಳು ಹಳೇ ಹಿಟ್ಟು ತಿನ್ನುವುದು ನನಗೆ ಬೇಜಾರು.

ಎರಡನೇದು ಬೆಲ್ಲ. ಹಳದಿ ಬೆಲ್ಲ ನೋಡಲು ಚೆಂದ, ಆದರೆ ಎಷ್ಟೋ ಕಡೆ ಆ ಬಣ್ಣ ಬರಲಿ ಅಂತಲೇ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುತ್ತಾರೆ. ಕಂದು ಬಣ್ಣದ್ದು ತಗೋ. ನಮ್ಮ ಕಡೆ ಆಲೆಮನೆಯಲ್ಲಿ ಬೆಂಡೆ ಗಿಡ ಜಜ್ಜಿ ಆ ಲೋಳೆ ಹಾಕಿ ಕೊಪ್ಪರಿಗೆಯ ಮಡ್ಡಿ ತೆಗೆಯುತ್ತಿದ್ದದ್ದು ನೆನಪಿದೆ ಅಲ್ವಾ? ಬಿಸಿ ಬೆಲ್ಲ ಕೈಮೇಲೆ ಬಿದ್ದು ನೀನು ಅತ್ತದ್ದೂ ನೆನಪಿದೆ. ಬರುವಾಗ ನಾಲ್ಕು ಅಚ್ಚು ಕಟ್ಟಿಕೊಡುತ್ತೇನೆ.

ಮೂರನೇದು, ಸಾರಿಗೆ ಕಲ್ಲುಪ್ಪು ಹಾಕಬೇಕಾ ಪುಡಿ ಉಪ್ಪು ಹಾಕಬೇಕಾ ಅಂತ ಕೇಳಿದ್ದೀಯ. ಒಂದೇ ಸಾಲಿನಲ್ಲಿ ಮುಗಿಯುವ ವಿಷಯ. ಎರಡೂ ಉಪ್ಪೇ. ಆದರೆ ಚಮಚದ ಲೆಕ್ಕ ಒಂದಲ್ಲ. ಕಲ್ಲುಪ್ಪಿನ ಹರಳುಗಳ ಮಧ್ಯೆ ಜಾಗ ಇರುತ್ತದೆ, ಅದಕ್ಕೆ ಅದೇ ಚಮಚದಲ್ಲಿ ಕಲ್ಲುಪ್ಪು ಕಡಿಮೆ ತೂಗುತ್ತದೆ, ಪುಡಿ ಉಪ್ಪು ಜಾಸ್ತಿ ತೂಗುತ್ತದೆ. ಒಂದು ಬಿಟ್ಟು ಇನ್ನೊಂದಕ್ಕೆ ಹೋಗುವವರು ಕೈ ಬದಲಾಯಿಸಬೇಕು. ಕಲ್ಲುಪ್ಪು ತಗೊಂಡರೆ ಅಯೋಡಿನ್ ಇರುವುದನ್ನು ನೋಡಿ ತಗೋ.

ಇದು ನನಗೆ ಹೇಗೆ ಗೊತ್ತಾಯಿತು ಅಂತ ಹೇಳುತ್ತೇನೆ.

ಯುಗಾದಿ ಕಳೆದ ಮೇಲೆ ನಮ್ಮ ಮನೆ ಸಾರು ಉಪ್ಪಾಗತೊಡಗಿತು. ನನಗೆ ಕೂಡಲೇ ಗೊತ್ತಾಗಲಿಲ್ಲ. ಯಾಕೆ ಅಂದರೆ ನಾವು ಮುದ್ದೆ ತಿನ್ನುವವರು. ಮುದ್ದೆಗೆ ಉಪ್ಪಿಲ್ಲ, ಅದಕ್ಕೇ ನಮ್ಮ ಕಡೆ ಸಾರಿಗೆ ಉಪ್ಪು ಖಾರ ಎರಡೂ ಒಂದು ಕೈ ಮುಂದೆ. ಪಾಪು ಅನ್ನಕ್ಕೆ ಕಲಸಿಕೊಂಡು ಎರಡು ತುತ್ತು ತಿಂದು ನೀರು ಕುಡಿದಾಗಲೇ ನಾನು ಅನ್ನಕ್ಕೆ ಹಾಕಿಕೊಂಡು ನೋಡಿದ್ದು. ಆ ತಿಂಗಳು ಕಲ್ಲುಪ್ಪು ಮುಗಿದು ಪುಡಿ ಉಪ್ಪು ತಂದಿದ್ದೆವು. ಅವ್ವನ ಕೈ ಹಳೇ ಲೆಕ್ಕದಲ್ಲೇ ಹಾಕುತ್ತಿದೆ, ಇದು ಉಪ್ಪಿನದೇ ಕೆಲಸ ಅಂತ ಅಂದುಕೊಂಡು ತಕ್ಕಡಿಯಲ್ಲಿ ತೂಗಿಯೂ ನೋಡಿದೆ. ಖುಷಿಯಾಯಿತು. ಮಾರನೇ ದಿನವೇ ಕಲ್ಲುಪ್ಪು ತಂದೆ.

ಆಮೇಲೂ ಸಾರು ಉಪ್ಪೇ.

ಅವ್ವ ಯಾವತ್ತೂ ಸಾರು ಕುದಿಯುವ ವಾಸನೆಯಲ್ಲೇ ಉಪ್ಪು ಹೇಳುತ್ತಿದ್ದವಳು. ಎಡೆ ಇಡುವ ದಿನ ಬಾಯಿಗೆ ಹಾಕದೆ ಅಡುಗೆ ಮಾಡಿದರೂ ಒಂದು ಹರಳು ಹೆಚ್ಚು ಕಡಿಮೆ ಆಗುತ್ತಿರಲಿಲ್ಲ. ನೀನೇ ಉಂಡಿದ್ದೀಯ. ಬೇರೆ ದಿನಗಳಲ್ಲಿ ಸೌಟಿನಿಂದ ನನ್ನ ಅಂಗೈಗೆ ಬಿಸಿ ಸಾರು ಬಿಟ್ಟು "ಉಪ್ಪು ಸರಿಯಾಗದಾ ನೋಡ್ಲಾ" ಅನ್ನುವುದು, ನಾನು ನೆಕ್ಕಿ "ಸರಿಯಾಗದೆ ಕನವ್ವ" ಅನ್ನುವುದು, ಇದು ನನಗೆ ಐದು ವರ್ಷ ಇದ್ದಾಗಿನಿಂದ ನಡೆದು ಬಂದದ್ದು. ಅವಳಿಗೆ ನನ್ನ ಉತ್ತರ ಬೇಕಿರಲಿಲ್ಲ, ಅವಳಿಗೆ ಮೊದಲೇ ಗೊತ್ತಿರುತ್ತಿತ್ತು. ಈ ವರ್ಷ ಬೇಕಿತ್ತು. ನಾನು ಆಗಲೂ ಅದನ್ನೇ ಹೇಳಿದೆ.

ಅಡುಗೆ ನಮ್ಮ ಮನೆಯಲ್ಲಿ ನಾನೂ ಅವ್ವನೂ ಹಂಚಿಕೊಂಡದ್ದು. ಇವಳು, ನನ್ನ ಹೆಂಡತಿ, ಬೆಳಿಗ್ಗೆ ರೈಲಿಗೆ ಮೈಸೂರಿಗೆ ಹೋದರೆ ಬರುವುದು ರಾತ್ರಿ. ತಿಂಡಿ ನನ್ನದು, ಮುದ್ದೆ ನನ್ನದು, ಸಾರು ಅವ್ವನದು. ಸಾರು ಉಪ್ಪಾದಾಗ ಜನ ಆಲೂಗಡ್ಡೆ ಹಾಕು, ಹಿಟ್ಟಿನ ಉಂಡೆ ಹಾಕು ಅನ್ನುತ್ತಾರೆ. ಎಲ್ಲ ಮಾಡಿ ನೋಡಿದ್ದೇನೆ. ಆಲೂಗಡ್ಡೆ ಉಪ್ಪುನೀರು ಕುಡಿದು ಅದೂ ಉಪ್ಪಾಗುತ್ತದೆ ಅಷ್ಟೇ, ಉಳಿದ ಸಾರು ಹಾಗೇ ಇರುತ್ತದೆ. ಹುಳಿ, ಬೆಲ್ಲ ಹಾಕಿದರೆ ನಾಲಿಗೆಗೆ ಮರೆಯಾಗುತ್ತದೆ, ಉಪ್ಪು ಕಡಿಮೆಯಾಗುವುದಿಲ್ಲ. ನೀರು ಹಾಕಬೇಕು, ಇಲ್ಲದಿದ್ದರೆ ಉಪ್ಪಿಲ್ಲದೆ ಬೇಯಿಸಿದ ಬೇಳೆ ಸೇರಿಸಬೇಕು. ಬೇರೆ ದಾರಿ ಇಲ್ಲ.

ನಾನು ಬಿಸಿನೀರಿನ ದಾರಿ ಹಿಡಿದೆ. ಅವ್ವ ಸಂಜೆ ಧಾರಾವಾಹಿಗೆ ಕೂತಾಗ ನಮ್ಮ ಮೂವರ ಸಾರನ್ನು ಬೇರೆ ಪಾತ್ರೆಗೆ ತೆಗೆದು ನೀರು ಬೆರೆಸಿ ಕುದಿಸುತ್ತಿದ್ದೆ. ಅವ್ವ ಎಂಟಕ್ಕೇ ಉಣ್ಣುತ್ತಾಳೆ, ನಾವು ಒಂಬತ್ತೂವರೆಗೆ. ಹಾಗಾಗಿ ಗೊತ್ತಾಗಲಿಲ್ಲ. ಯುಗಾದಿಯಿಂದ ಶ್ರಾವಣದವರೆಗೆ, ನಾಲ್ಕು ತಿಂಗಳು. ಅವ್ವ ತನ್ನ ತಟ್ಟೆಗೆ ಹಾಕಿಕೊಂಡದ್ದು ಮೂಲ ಸಾರು. ಅದರಲ್ಲಿ ಒಂದು ತೊಟ್ಟು ನೀರೂ ನಾನು ಬೆರೆಸಿರಲಿಲ್ಲ.

ಅವ್ವನಿಗೆ ಬಿ.ಪಿ. ಇದೆ ಸಿದ್ದ. ಒಂಬತ್ತು ವರ್ಷದಿಂದ.

ಶ್ರಾವಣದ ಎರಡನೇ ವಾರ ಕಾಲು ಊದಿತು. ಚಪ್ಪಲಿ ಹಿಡಿಸಲಿಲ್ಲ. ಮೈಸೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ನೋಡಿ, ಮಾತ್ರೆ ಕೇಳಿ, ಆಮೇಲೆ "ಮನೇಲಿ ಉಪ್ಪು ಹೇಗಮ್ಮ?" ಅಂದರು. ಅವ್ವ ಬೆನ್ನು ನೆಟ್ಟಗೆ ಮಾಡಿಕೊಂಡು, "ಉಪ್ಪು ಸರಿಯಾಗೇ ಇರ್ತದೆ ಸಾ, ದಿನಾ ಮಗ ನೋಡಿ ಹೇಳ್ತನೆ" ಅಂದಳು.

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಅವ್ವನನ್ನು ರಕ್ತ ಪರೀಕ್ಷೆಗೆ ಕೂರಿಸಿ ನಾನೊಬ್ಬನೇ ವಾಪಸ್ ಹೋಗಿ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ವಯಸ್ಸಾದ ಮೇಲೆ ಮೂಗೂ ನಾಲಿಗೆಯೂ ಮಂಕಾಗುತ್ತವೆ, ಕೆಲವು ಮಾತ್ರೆಗಳಿಂದಲೂ ರುಚಿ ಕೆಡುತ್ತದೆ, ಅದಕ್ಕೇ ಕೈ ಮುಂದೆ ಹೋಗುತ್ತದೆ ಅಂದರು. ವಿಶ್ವ ಆರೋಗ್ಯ ಸಂಸ್ಥೆಯವರು ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಒಳಗಿರಲಿ ಅನ್ನುತ್ತಾರೆ, ಅಂದರೆ ಪುಡಿ ಉಪ್ಪು ಒಂದು ಟೀ ಚಮಚಕ್ಕಿಂತ ಕಡಿಮೆ. ತಿಂಡಿ, ಊಟ, ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿ ಅಷ್ಟು! ನಾನು ಅಲ್ಲೇ ನಮ್ಮ ಸಾರಿನ ಲೆಕ್ಕ ಹಾಕಿದೆ. ಹಾಕಬಾರದಿತ್ತು ಅನ್ನಿಸಿತು. ಜ್ಯೇಷ್ಠದಲ್ಲಿ ಒಂದು ದಿನ ಒಲೆ ಮೇಲೆ ಹಾಲು ಸೀದು ಹಜಾರದವರೆಗೂ ವಾಸನೆ ಬಂದಿತ್ತು, ಅವ್ವ ಅಡುಗೆಮನೆಯಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದಳು. ಅವತ್ತೇ ನನಗೆ ಗೊತ್ತಾಗಬೇಕಿತ್ತು. ಅವತ್ತೇ ಗೊತ್ತಾಯಿತು ಅಂತಲೇ ಅನ್ನಬೇಕು.

ಅವ್ವನ ಮನಸ್ಸು ನೋಯಬಾರದು ಅಂತ ಹೀಗೆ ಮಾಡಿದೆ ಅಂತ ಇವಳಿಗೆ ಹೇಳಿದ್ದೇನೆ. ನಿನಗೆ ಹಾಗೆ ಹೇಳಲಾರೆ. ಅವ್ವನಿಗೆ ವಾಸನೆ ಹೋಗಿದೆ ಅನ್ನುವುದನ್ನು ನನ್ನ ಬಾಯಿಂದ ಹೇಳಬೇಕಿತ್ತು, ಅದು ನನಗೆ ಬೇಕಿರಲಿಲ್ಲ. ಹೇಳಿದ ಮೇಲೆ ಸಾರೂ ನನ್ನದಾಗುತ್ತದೆ. ಆ ಕೈ ಸಾರು ಮುಗಿಯಿತು ಅಂತಾಗುತ್ತದೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗಲೂ ಡಾಕ್ಟರು ಹೇಳಿದ್ದನ್ನು ನಾನು ಅವ್ವನಿಗೆ ಹೇಳಲಿಲ್ಲ, "ಏನೂ ಆಗಲ್ಲ ಕನವ್ವ" ಅಂದುಕೊಂಡೇ ಮೂರು ದಿನ ಕಳೆದೆ. ಅವತ್ತು ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ನೀನಿದ್ದೆ. ಹೇಳೋ ಅಂತ ನೀನು ಎರಡು ಸಲ ಅಂದೆ. ಅವ್ವ ಅಪ್ಪನ ಜೊತೆ ಆಡಬೇಕಾದ ಮಾತು ಏನಿತ್ತೋ, ಆಡಲು ಆಗಲೇ ಇಲ್ಲ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಇರಲಿ.

ಊರಿಗೆ ಬಂದ ಮಾರನೇ ದಿನ ಅವ್ವನಿಗೆ ಹೇಳಿದೆ. ಅವಳು ಬೆಳ್ಳುಳ್ಳಿ ಸುಲಿಯುತ್ತಿದ್ದಳು. "ಯಾವಾಗಿಂದ್ಲಾ?" ಅಂದಳು. ಯುಗಾದಿ ಅಂದೆ. ಸುಲಿಯುವುದನ್ನು ನಿಲ್ಲಿಸಲಿಲ್ಲ. ಆ ಗೆಡ್ಡೆ ಮುಗಿಸಿ, ಸಿಪ್ಪೆ ಎತ್ತಿ ಹಾಕಿ, ಕೈ ತೊಳೆದು ಹೋಗಿ ಮಲಗಿದಳು. ಆರು ದಿನ ಅಡುಗೆಮನೆಗೆ ಬರಲಿಲ್ಲ. ನಾನು ಮಾಡಿದ ಸಾರನ್ನು ಮಾತಾಡದೆ ಉಂಡಳು.

ಏಳನೇ ದಿನ ಅವಳೇ ಎದ್ದು ಬಂದು "ಉಪ್ಸಾರು ಮಾಡ್ತೀನಿ" ಅಂದಳು. ನನಗೆ ಹೊಳೆದಿರಲಿಲ್ಲ ನೋಡು. ಬಸ್ಸಾರಾದರೆ ಕಾಳು ಸೊಪ್ಪು ಬೇಯಿಸಿ ಬಸಿದ ನೀರಿಗೆ, ಅಂದರೆ ಆ ಕಟ್ಟಿಗೆ, ಮಸಾಲೆ ಹಾಕಿ ಕುದಿಸಿದ ಮೇಲೆ ಎಲ್ಲರಿಗೂ ಒಂದೇ ಉಪ್ಪು. ಉಪ್ಸಾರಿನಲ್ಲಿ ಕಟ್ಟು ಬೇರೆ, ಖಾರ ಬೇರೆ. ಅವರವರ ತಟ್ಟೆಯಲ್ಲಿ ಅವರವರಿಗೆ ಬೇಕಾದಷ್ಟು ಬೆರೆಸಿಕೊಳ್ಳುವುದು. ಕಾಳು ಸೊಪ್ಪು ಬೇಯಿಸುವಾಗ ಉಪ್ಪು ಎಷ್ಟು ಕಡಿಮೆ ಹಾಕಿದರೂ ನಡೆಯುತ್ತದೆ. ಹೆಸರಲ್ಲೇ ಉಪ್ಪಿರುವ ಸಾರು ಅದು, ಆದರೂ ಉಪ್ಪು ಕಡಿಮೆ ಮಾಡುವುದು ಇದರಲ್ಲೇ ಸುಲಭ.

ನೀನು ಕೇಳಿದ್ದ ಖಾರ ಹೀಗೆ: ಒಣಮೆಣಸಿನಕಾಯಿ ಹುರಿದುಕೋ, ಬೆಳ್ಳುಳ್ಳಿ ಧಾರಾಳವಾಗಿ, ಜೀರಿಗೆ, ಕಾಳುಮೆಣಸು, ಒಂದಿಷ್ಟು ಹುಣಸೆಹಣ್ಣು, ಕೊತ್ತಂಬರಿ ಸೊಪ್ಪು. ನುಣ್ಣಗೆ ರುಬ್ಬು. ಉಪ್ಪನ್ನು ಇದಕ್ಕೂ ಕಡಿಮೆಯೇ ಹಾಕು. ಕಾಳುಮೆಣಸು, ಬೆಳ್ಳುಳ್ಳಿ ಸ್ವಲ್ಪ ಜಾಸ್ತಿ ಮಾಡಿದರೆ ಅವ್ವನಿಗೆ ಬಾಯಿಗೆ ಹತ್ತುತ್ತದೆ, ಉಪ್ಪು ಕೇಳುವುದಿಲ್ಲ. ಇದು ಅವಳೇ ಕಂಡುಕೊಂಡದ್ದು. ದಂಟಿನ ಸೊಪ್ಪಿಗೂ ಹುರುಳಿಕಾಳಿಗೂ ಇದೇ ಖಾರ ಆಗುತ್ತದೆ. ಬಿಸಿ ಮುದ್ದೆ ತಟ್ಟೆಗೆ ಬಿದ್ದ ಕೂಡಲೇ ನಡುವೆ ಕಟ್ಟು ಹುಯ್ದು ಖಾರವನ್ನು ಬೆರಳಲ್ಲೇ ಕದಡು, ಚಮಚ ಹಾಕಬೇಡ.

ಉಪ್ಪು ನೋಡುವ ಕೆಲಸದಿಂದ ಅವ್ವ ನನ್ನನ್ನು ತೆಗೆದುಬಿಟ್ಟಿದ್ದಾಳೆ. ಈಗ ಸೌಟು ಹೋಗುವುದು ಪಾಪುವಿನ ಅಂಗೈಗೆ. ಒಂಬತ್ತು ವರ್ಷದ ಅವಳು ಇದ್ದದ್ದು ಇದ್ದ ಹಾಗೆ ಹೇಳುತ್ತಾಳೆ. "ಜಾಸ್ತಿ ಅಜ್ಜಿ" ಅಂದರೆ ಅವ್ವ ಮರುಮಾತಿಲ್ಲದೆ ಬೆಂದ ಬೇಳೆ ಸೇರಿಸುತ್ತಾಳೆ. ಕಾಲಿನ ಊತ ಇಳಿದಿದೆ. ಚಪ್ಪಲಿ ಹಿಡಿಸುತ್ತದೆ.

ಅವರೆ ಬಂದಿದೆ ಕಣೋ. ಸಂತೆಯಲ್ಲಿ ಕಾಯಿ ಮುಟ್ಟಿದರೆ ಸೊಗಡು ಕೈಗೆಲ್ಲ ಅಂಟುತ್ತದೆ, ಈ ಸಲ ಇಬ್ಬನಿ ಚೆನ್ನಾಗಿ ಬಿದ್ದಿದೆ. ಸಂಕ್ರಾಂತಿ ಕಳೆದ ಮೇಲೆ ಬಂದರೆ ಆ ಸೊಗಡು ಇರುವುದಿಲ್ಲ, ಅದಕ್ಕೆ ಮುಂಚೆ ಬಾ. ಹಿದುಕವರೆ ಮಾಡಲು ಕಾಳು ನೆನೆಸುವುದು ನನ್ನ ಕೆಲಸ, ಸಿಪ್ಪೆ ಹಿದುಕುವುದು ನಿನ್ನದು, ಮಾತಾಡುತ್ತಾ ಕೂತರೆ ಎರಡು ಸೇರು ಯಾವ ಲೆಕ್ಕ. ಅವ್ವ ನಿನ್ನನ್ನು ಕೇಳಿದಳು. ಬರುವಾಗ ಆ ಕೆಂಪು ಡಬ್ಬ ವಾಪಸ್ ತರಬೇಕಂತೆ, ಇಲ್ಲದಿದ್ದರೆ ಒಳಗೆ ಬಿಡಲ್ಲವಂತೆ.

ಇದನ್ನು ಬರೆಯುತ್ತಾ ಇರುವಾಗಲೇ ಒಳಗಿಂದ ಪಾಪು ಕೂಗಿದಳು, "ಅಪ್ಪಾ, ಇವತ್ತು ಸಪ್ಪೆ!" ಅಂತ. ಅವ್ವ ನಗುತ್ತಿದ್ದಾಳೆ. ನಾನು ಮುದ್ದೆಗೆ ಎಸರು ಇಡಬೇಕು.

ಬರುವ ದಿನ ತಿಳಿಸು.

ನಿನ್ನ,
ಮೂರನೇ ಬೆಂಚಿನವನು