ಗ್ರಂಥಪಾಲಕರ ತರಬೇತಿ: ಕನ್ನಡ ಕ್ಯಾಟಲಾಗ್ ಮೊದಲಾಗಲಿ

ಮಾನ್ಯರೆ,

ಹುಬ್ಬಳ್ಳಿ–ಧಾರವಾಡದಲ್ಲಿ ಗ್ರಂಥಪಾಲಕರಿಗೆಂದು ನಡೆಯುವ ಕಾರ್ಯಾಗಾರಗಳಲ್ಲಿ ಈಗೀಗ ಕೃತಕ ಬುದ್ಧಿಮತ್ತೆಯದೇ ಮಾತು. ಇರಲಿ, ಅದೂ ಬೇಕು. ಆದರೆ ಕಪಾಟಿನಲ್ಲೇ ಇರುವ ಕನ್ನಡ ಪುಸ್ತಕ ಕಂಪ್ಯೂಟರಿನಲ್ಲಿ ಹುಡುಕಿದಾಗ ಸಿಗದಿದ್ದರೆ ಆ ಉಪನ್ಯಾಸ ಕಟ್ಟಿಕೊಂಡು ಏನು ಮಾಡುವುದು?

ತೊಡಕಿರುವುದು ಹಳೆಯ ದಾಖಲೆಗಳಲ್ಲಿ. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಯೂನಿಕೋಡ್ ವ್ಯವಸ್ಥೆ ಬಳಕೆಗೆ ಬರುವ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಿಸಿದ ಎಕ್ಸೆಲ್ ಪಟ್ಟಿಯನ್ನು ಇಡಿಯಾಗಿ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ತಂತ್ರಾಂಶಕ್ಕೆ ಹಾಕಿಬಿಡುತ್ತಾರೆ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ ಬಳಸುವುದರಿಂದ ಇಂಗ್ಲಿಷ್ ಶೀರ್ಷಿಕೆ, ಪ್ರಕಾಶಕರ ಹೆಸರುಗಳೂ ಕಲಸುಮೇಲೋಗರವಾಗುತ್ತವೆ. ಕನ್ನಡ ಕಾಲಂಗಳನ್ನಷ್ಟೇ ಬೇರ್ಪಡಿಸಿ ಪರಿವರ್ತಿಸಬೇಕು. ಆಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಬೇಕು. ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ಈ ಸ್ಥಾನ ಬದಲಿಸದೆ ಬಿಟ್ಟರೆ ಗದಗಿನ ಕೀರ್ತಿನಾಥ ಕುರ್ತಕೋಟಿಯವರು ‘ಕೀತಿರ್ನಾಥ ಕುತರ್ಕೋಟಿ’ ಆಗುತ್ತಾರೆ. ವಿಮರ್ಶಕರ ಹೆಸರಿಗೇ ಕುತರ್ಕ ಅಂಟಿಸಿದ ಹಾಗೆ!

ಇನ್ನು ಹೆಸರುಗಳ ಏಕರೂಪತೆ. ‘ದ.ರಾ. ಬೇಂದ್ರೆ’, ‘ಬೇಂದ್ರೆ ದ ರಾ’, ‘ಅಂಬಿಕಾತನಯದತ್ತ’ ಮೂವರು ಬೇರೆ ಲೇಖಕರಂತೆ ದಾಖಲಾಗಿರುತ್ತಾರೆ. ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ಬಳಸುವವರು ಅಥಾರಿಟಿ ದಾಖಲೆಯ (ಲೇಖಕರ ಹೆಸರಿನ ಒಪ್ಪಿತ ರೂಪವನ್ನು ಇಡುವ ದಾಖಲೆ) 100ನೇ ಟ್ಯಾಗ್‌ನಲ್ಲಿ, ಅಂದರೆ ಮುಖ್ಯ ಹೆಸರಿನ ಅಂಕಣದಲ್ಲಿ, ‘ಬೇಂದ್ರೆ, ದ.ರಾ., 1896–1981’ ಎಂದು ಹಾಕಿ, 400ನೇ ಟ್ಯಾಗ್ ಬೇಕಾದಷ್ಟು ಸಲ ತೆರೆದು ಉಳಿದ ರೂಪಗಳನ್ನು ಕೊಡಬೇಕು. ಪುಸ್ತಕ ಸೇರಿಸುವಾಗ ಲೇಖಕರ ಹೆಸರನ್ನು ಪ್ರತಿಸಲ ಟೈಪಿಸದೆ ಅಲ್ಲಿಂದಲೇ ಆರಿಸಬೇಕು.

ಇಷ್ಟಾದರೂ ಸರ್ವರ್‌ನಲ್ಲಿ ಝೀಬ್ರಾ (ಕೋಹಾದ ಹುಡುಕಾಟಕ್ಕೆ ಪದಸೂಚಿ, ಅಂದರೆ ಇಂಡೆಕ್ಸ್ ಕಟ್ಟುವ ತಂತ್ರಾಂಶ) ಇಂಡೆಕ್ಸಿಂಗ್ ‘ಸಿಎಚ್‌ಆರ್’ ಕ್ರಮದಲ್ಲೇ ಉಳಿದಿದ್ದರೆ ಕನ್ನಡ ಹುಡುಕಾಟ ಕೈಕೊಡುತ್ತದೆ. ಯೂನಿಕೋಡ್ ಅಕ್ಷರಗಳನ್ನು ಅರಿಯುವ ‘ಐಸಿಯು’ ಕ್ರಮಕ್ಕೆ ಬದಲಿಸಿ, ಇಡೀ ಇಂಡೆಕ್ಸನ್ನು ಹೊಸದಾಗಿ ಕಟ್ಟಬೇಕು. ಬದಲಿಸಿ ಸುಮ್ಮನಾದರೆ ಹಳೆಯ ದಾಖಲೆಗಳು ಇದ್ದ ಹಾಗೇ ಇರುತ್ತವೆ.

ಇದು ಭಾಷಣ ಕೇಳಿ ಬರುವ ವಿದ್ಯೆಯಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯ ವಿಜ್ಞಾನ ವಿಭಾಗ ಮನಸ್ಸು ಮಾಡಿ ಎರಡು ದಿನದ ಕೈಕೆಲಸದ ತರಬೇತಿ ಇಡಲಿ. ಬರುವವರು ತಮ್ಮ ಗ್ರಂಥಾಲಯದ ಇನ್ನೂರು ದಾಖಲೆ ತರಲಿ, ಸರಿಪಡಿಸಿ, ಹುಡುಕಿ ತೋರಿಸಿದ ಮೇಲೆಯೇ ಪ್ರಮಾಣಪತ್ರ ಸಿಗಲಿ.

2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ, ಅಂದರೆ ಈಗಿನ ಅರಿವು ಕೇಂದ್ರಗಳ ಮೇಲ್ವಿಚಾರಕರನ್ನೂ ಗದಗ, ಹಾವೇರಿಯಿಂದ ಕರೆಯಬೇಕು. ಅವರಿಗೆ ಕೋಹಾ ಬೇಡ. ಯೂನಿಕೋಡ್‌ನಲ್ಲಿ ಟೈಪಿಸುವುದು, ಲೇಖಕರಿಗೊಂದು, ಶೀರ್ಷಿಕೆಗೊಂದು ಕಾಲಂ ಇಡುವುದು, ಇಷ್ಟು ಕಲಿಸಿದರೂ ಮುಂದೆ ಪರಿವರ್ತಕದ ಹಂಗು ಇರುವುದಿಲ್ಲ.

– ಕೆಲವು ಗ್ರಂಥಪಾಲಕರು, ಧಾರವಾಡ