ಎಣಿಕೆಗೆ ಬಂದವರೆಲ್ಲ ಮತದಾರರಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ಅಧ್ಯಕ್ಷೀಯ ಚುನಾವಣೆ ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ಕೆಂಪು, ನೀಲಿ ಬಣ್ಣದ ನಕ್ಷೆ ಅಚ್ಚಾಗುತ್ತದೆ. ಅಧ್ಯಕ್ಷರನ್ನು ಆರಿಸಲು ರಾಜ್ಯಗಳಿಗೆ ಹಂಚಿರುವ ಎಲೆಕ್ಟೋರಲ್ ಮತಗಳು ಒಟ್ಟು 538, ಗೆಲ್ಲಲು 270 ಬೇಕು ಎಂಬ ವಿವರಣೆಯೂ ಇರುತ್ತದೆ. ಇಷ್ಟು ಸರಿ. ಆದರೆ ಈ ಮತಗಳನ್ನು ‘ಮತದಾರರ ಸಂಖ್ಯೆಗೆ ಅನುಗುಣವಾಗಿ’ ರಾಜ್ಯಗಳಿಗೆ ಹಂಚಲಾಗಿದೆ ಎಂದು ಅನೇಕ ಬಾರಿ ಓದಿದ್ದೇನೆ. ಅದು ತಪ್ಪು. ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಮಗನ ಸಂಸಾರ ಇರುವುದು ಟೆಕ್ಸಾಸ್‌ನಲ್ಲಿ. ಎರಡೂ ಕಾರಣಕ್ಕೆ ಈ ತಪ್ಪನ್ನು ಸುಮ್ಮನೆ ಬಿಡಲು ಮನಸ್ಸಾಗಲಿಲ್ಲ.

ಒಂದು ರಾಜ್ಯಕ್ಕೆ ಅಲ್ಲಿನ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ ಎಷ್ಟು ಸ್ಥಾನಗಳಿವೆಯೋ ಅದಕ್ಕೆ ಮೇಲ್ಮನೆಯ ಇಬ್ಬರು ಸೆನೆಟರ್‌ಗಳನ್ನು ಸೇರಿಸಿದರೆ ಆ ರಾಜ್ಯದ ಎಲೆಕ್ಟೋರಲ್ ಮತಗಳ ಸಂಖ್ಯೆ ಸಿಗುತ್ತದೆ. ರಾಜಧಾನಿ ವಾಷಿಂಗ್ಟನ್‌ಗೆ ಪ್ರತ್ಯೇಕವಾಗಿ ಮೂರು. ಪ್ರತಿನಿಧಿ ಸಭೆಯ 435 ಸ್ಥಾನಗಳು ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಯ ಮೇಲೆ ಹಂಚಿಕೆಯಾಗುತ್ತವೆ. ಆ ಗಣತಿಯಲ್ಲಿ ಮತದಾರರ ಪಟ್ಟಿಯನ್ನು ನೋಡುವುದಿಲ್ಲ. ರಾಜ್ಯದಲ್ಲಿ ವಾಸವಾಗಿರುವವರೆಲ್ಲರೂ, ತೊಟ್ಟಿಲ ಕೂಸಿನಿಂದ ಹಿಡಿದು ವಿದೇಶಿ ನೌಕರರವರೆಗೆ, ಲೆಕ್ಕಕ್ಕೆ ಬರುತ್ತಾರೆ.

2020ರ ಏಪ್ರಿಲ್ 1ರ ಎಣಿಕೆಯ ನಮೂನೆಯನ್ನು ತುಂಬಿದವಳು ನನ್ನ ಸೊಸೆ. ಅವಳೂ ನನ್ನ ಮಗನೂ ವಿದೇಶಿ ನೌಕರರಿಗೆ ಕೊಡುವ ಎಚ್-1ಬಿ ವೀಸಾದಲ್ಲಿರುವವರು. ಮೊಮ್ಮಗಳು ಅಲ್ಲೇ ಹುಟ್ಟಿದವಳು. ನಮ್ಮ ಬೀಗರು ಆಗ ಅದೇ ಮನೆಯಲ್ಲಿದ್ದರು. ಕೆಲವು ತಿಂಗಳ ಮಟ್ಟಿಗೆ ಬಂದುಹೋಗುವವರನ್ನು ಸೇರಿಸುವಂತಿಲ್ಲವಾದ್ದರಿಂದ ಅವರಿಬ್ಬರನ್ನೂ ಬಿಟ್ಟು, ಮನೆಯಲ್ಲಿರುವವರು ಮೂವರು ಎಂದು ಬರೆದು, ಒಬ್ಬೊಬ್ಬರ ವಯಸ್ಸು, ಸಂಬಂಧ ನಮೂದಿಸಿದಳು. ಆ ಮೂವರಲ್ಲಿ ಯಾರೊಬ್ಬರೂ 2024ರಲ್ಲಿ ಮತ ಹಾಕಲಿಲ್ಲ. ಹಾಕುವ ಹಕ್ಕೂ ಇರಲಿಲ್ಲ. ಆದರೆ ಹತ್ತು ವರ್ಷಗಳಲ್ಲಿ ಸುಮಾರು 40 ಲಕ್ಷ ಜನ ಹೆಚ್ಚಿದ ಟೆಕ್ಸಾಸ್‌ನ ಎಲೆಕ್ಟೋರಲ್ ಮತಗಳು 38ರಿಂದ 40ಕ್ಕೆ ಏರಿದ್ದರಲ್ಲಿ ಆ ಮೂವರ ಲೆಕ್ಕವೂ ಇದೆ.

ಮೂವರಿಂದ ಏನಾದೀತು ಎಂದು ಕೇಳುವವರು ನ್ಯೂಯಾರ್ಕ್‌ನ ಕಥೆ ತಿಳಿಯಬೇಕು. ಎರಡು ಕೋಟಿಗೂ ಹೆಚ್ಚು ಜನರಿರುವ ಆ ರಾಜ್ಯದಲ್ಲಿ ಇನ್ನು 89 ಮಂದಿ ಎಣಿಕೆಗೆ ಸಿಕ್ಕಿದ್ದರೆ, ಉಳಿದ ರಾಜ್ಯಗಳ ಲೆಕ್ಕ ಇದ್ದ ಹಾಗೇ ಇದ್ದಿದ್ದರೆ, ಅದು ಒಂದು ಸ್ಥಾನವನ್ನು ಕಳೆದುಕೊಳ್ಳುತ್ತಿರಲಿಲ್ಲ. ಒಂದು ದೊಡ್ಡ ಅಪಾರ್ಟ್‌ಮೆಂಟಿನ ಜನ! 435ನೆಯ ಸ್ಥಾನ ಮಿನ್ನೆಸೋಟದಲ್ಲೇ ಉಳಿಯಿತು. ನ್ಯೂಯಾರ್ಕ್‌ನ ಎಲೆಕ್ಟೋರಲ್ ಮತಗಳು 29ರಿಂದ 28ಕ್ಕೆ ಇಳಿದವು. ಟೆಕ್ಸಾಸ್ ಮೂರು ಸ್ಥಾನ ಹೆಚ್ಚುತ್ತವೆಂದು ನಿರೀಕ್ಷಿಸಿತ್ತು, ಸಿಕ್ಕಿದ್ದು ಎರಡೇ. ಅಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಎಣಿಕೆಯಿಂದ ತಪ್ಪಿಹೋಗಿದ್ದರೆಂದು ಗಣತಿ ಇಲಾಖೆಯೇ 2022ರಲ್ಲಿ ಅಂದಾಜಿಸಿತು.

ಮತವಿಲ್ಲದವರನ್ನು ಎಣಿಸಿ ರಾಜ್ಯದ ತೂಕ ಹೆಚ್ಚಿಸುವುದು ನ್ಯಾಯವೇ ಎಂಬ ವಾದ ಅಲ್ಲಿ ಜೋರಾಗಿದೆ. ದಾಖಲೆಯಿಲ್ಲದ ವಲಸಿಗರನ್ನು ಈ ಲೆಕ್ಕದಿಂದ ಬಿಡಬೇಕೆಂದು 2020ರಲ್ಲಿ ಟ್ರಂಪ್ ಆದೇಶವನ್ನೂ ಹೊರಡಿಸಿದ್ದರು. ಬೈಡನ್ ಬಂದ ಮೇಲೆ ಅದು ರದ್ದಾಯಿತು. ನನ್ನ ಮಟ್ಟಿಗೆ ಎಲ್ಲರನ್ನೂ ಎಣಿಸುವುದೇ ಸರಿ. ಅಲ್ಲಿನ ಮೂಲ ಸಂವಿಧಾನ ಗುಲಾಮರನ್ನು ಐದರಲ್ಲಿ ಮೂರು ಪಾಲಾಗಿ ಎಣಿಸಿ, ಆ ಬಲವನ್ನು ಅವರ ಯಜಮಾನರ ರಾಜ್ಯಗಳಿಗೆ ಕೊಟ್ಟಿತ್ತು. ಮೊದಲ ಐವರು ಅಧ್ಯಕ್ಷರಲ್ಲಿ ನಾಲ್ವರು ವರ್ಜೀನಿಯದವರಾದದ್ದನ್ನು ಇದರಿಂದ ಬೇರ್ಪಡಿಸಿ ನೋಡಲಾಗದು. ಆ ಕಳಂಕವನ್ನು ತೊಳೆಯಲು 1868ರ 14ನೇ ತಿದ್ದುಪಡಿ ರಾಜ್ಯದಲ್ಲಿರುವ ಪೂರ್ಣ ಜನಸಂಖ್ಯೆಯೇ ಆಧಾರ ಎಂದಿತು. ಯಾರನ್ನು ಅರ್ಧ ಎಣಿಸಬೇಕು, ಯಾರನ್ನು ಬಿಡಬೇಕು ಎಂಬ ಚರ್ಚೆಗೆ ಮತ್ತೆ ಬಾಗಿಲು ತೆರೆಯಬಾರದು.

ಇದರಿಂದ ಹಂಚಿಕೆ ಸಮಾನವಾಯಿತೆಂದಲ್ಲ. ಆರು ಲಕ್ಷ ಜನರೂ ಇಲ್ಲದ ವಯೋಮಿಂಗ್‌ಗೆ ಮೂರು ಮತ, ಸುಮಾರು ನಾಲ್ಕು ಕೋಟಿ ಜನರ ಕ್ಯಾಲಿಫೋರ್ನಿಯಕ್ಕೆ 54. ಅದು ಆ ಇಬ್ಬರು ಸೆನೆಟರ್‌ಗಳನ್ನು ಕೂಡಿಸುವ ನಿಯಮದ ಫಲ.

ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲೂ ರಾಜ್ಯದ ತೂಕ ನಿಂತಿರುವುದು ಜನಸಂಖ್ಯೆಯ ಮೇಲೆಯೇ. ಕರ್ನಾಟಕದ ಶಾಸಕರೊಬ್ಬರ ಮತಮೌಲ್ಯ 131. ಅದಕ್ಕೆ ಹಿಡಿದಿರುವುದು 1971ರ ಗಣತಿ, ಅಂದರೆ ಮೂರು ಕೋಟಿಗೂ ಕಡಿಮೆ ಜನ. ಕ್ಷೇತ್ರ ಮರುವಿಂಗಡಣೆಯ ಚರ್ಚೆ ಕಾವೇರಿರುವ ಈ ದಿನಗಳಲ್ಲಿ ಅಮೆರಿಕದ ಒಂದು ಸಂಗತಿಯನ್ನು ಓದುಗರು ಗಮನಿಸಬೇಕು. 1920ರ ಗಣತಿಯಲ್ಲಿ ನಗರಗಳು ಬೆಳೆದಿದ್ದವೆಂದು ಹೆದರಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್, ಸ್ಥಾನಗಳನ್ನು ಮರುಹಂಚಲೇ ಇಲ್ಲ. 1924 ಮತ್ತು 1928ರ ಚುನಾವಣೆಗಳು 1910ರ ಲೆಕ್ಕದ ಮೇಲೆಯೇ ನಡೆದುಹೋದವು.

ತಮ್ಮ ಪತ್ರಿಕೆಯನ್ನು ಅಲ್ಲಿ ಕುಳಿತು ಮೊಬೈಲ್‌ನಲ್ಲಿ ಓದುವ ಕನ್ನಡಿಗರು ಬಹಳ ಜನ. ಮುಂದಿನ ಎಣಿಕೆಯ ದಿನ 2030ರ ಏಪ್ರಿಲ್ 1, ಯುಗಾದಿಯ ಆಸುಪಾಸಿನಲ್ಲೇ. ವೀಸಾದಲ್ಲಿರುವ ನಮಗೇಕೆ ಎಂದು ನಮೂನೆಯನ್ನು ಬದಿಗಿಡಬೇಡಿ ಎಂದು ಅಲ್ಲಿನ ಕನ್ನಡ ಕೂಟಗಳು ಹಬ್ಬದ ಸಭೆಯಲ್ಲೇ ಹೇಳಲಿ. ಒಬ್ಬೊಬ್ಬರ ಉತ್ತರವನ್ನು ವಲಸೆ ಇಲಾಖೆಗೆ ಕೊಡುವುದನ್ನು ಅಲ್ಲಿನ ಕಾನೂನು ನಿಷೇಧಿಸಿದೆ ಎಂಬುದನ್ನೂ ತಿಳಿಸಲಿ. ತಾವೂ 2028ರ ನಕ್ಷೆಯ ಕೆಳಗೆ ‘ಮತದಾರರ ಸಂಖ್ಯೆ’ಯ ಬದಲು ‘ಜನಸಂಖ್ಯೆ’ ಎಂದು ಅಚ್ಚು ಹಾಕಿಸಬೇಕೆಂದು ಕೋರುತ್ತೇನೆ.

– ನಿವೃತ್ತ ರಾಜ್ಯಶಾಸ್ತ್ರ ಉಪನ್ಯಾಸಕ, ಶಿವಮೊಗ್ಗ