ಹಲ್ಲಿನ ಚಕ್ರ ಬಾಯಿಯ ಹೊರಗಲ್ಲ, ಒಳಗೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಮಕ್ಕಳ ಪುಟದಲ್ಲಿ ಹೆಲಿಕೋಪ್ರಿಯಾನ್ ಅನ್ನೋ ಹಳೇ ಕಾಲದ ಶಾರ್ಕಿನ ಚಿತ್ರ ಬಂದಿತ್ತು. ಎಂಟನೇ ಕ್ಲಾಸಿನ ನನ್ನ ಮಗಳು ಪೇಪರ್ ಹಿಡಿದು ಸೀದಾ ಮಷಿನ್ ಹತ್ತಿರವೇ ಬಂದಳು. "ಅಪ್ಪಾ, ನಿನ್ನ ಬ್ಲೇಡ್ ಮೀನಿನ ಬಾಯಾಗ ಕುಂತದ ನೋಡು" ಅಂದಳು. ಶಹಾಬಾದಿನಲ್ಲಿ ನನ್ನದು ಪರಸಿ ಕಲ್ಲು ಕಟಿಂಗ್, ಪಾಲಿಶ್ ಕೆಲಸ. ಇಪ್ಪತ್ತೆರಡು ವರ್ಷದಿಂದ ದುಂಡು ಬ್ಲೇಡಿನ ಜೊತೆಗೇ ಬದುಕು. ಹಾಗಾಗಿ ಸುಮ್ನೆ ಇರಲಾಗಲಿಲ್ಲ. ಮಗಳೂ ನಾನೂ ಎರಡು ರಾತ್ರಿ ಫೋನಿನಲ್ಲಿ ಅದನ್ನೇ ಓದಿದೆವು.

ನಿಮ್ಮ ಚಿತ್ರದಲ್ಲಿ ಕೆಳದವಡೆಯ ತುದಿಗೆ ಚಕ್ಕುಲಿ ಸಿಕ್ಕಿಸಿದ ಹಾಗೆ ಹಲ್ಲಿನ ಸುರುಳಿ ಹೊರಗೆ ನೇತಾಡುತ್ತಿದೆ. ಅದು ಹಳೇ ಊಹೆ. 1899ರಲ್ಲಿ ರಷ್ಯಾದ ಕಾರ್ಪಿನ್‌ಸ್ಕಿ ಇದಕ್ಕೆ ಹೆಸರಿಟ್ಟಾಗ ಅವರ ಮುಂದಿದ್ದದ್ದು ಉರಲ್ ಬೆಟ್ಟದ ಕಡೆಯ ಸುರುಳಿ ಮಾತ್ರ. ಶಾರ್ಕಿಗೆ ಇರುವುದು ನಮ್ಮ ಕಿವಿಯಲ್ಲಿರುವಂಥ ಮೆತ್ತನೆ ಎಲುಬು. ಅದು ಕೊಳೆತು ಹೋಗುತ್ತದೆ, ಹಲ್ಲು ಉಳಿಯುತ್ತದೆ. ಒಬ್ಬರು ಸುರುಳಿಯನ್ನು ಮೂತಿಗೆ ಅಂಟಿಸಿದರು, ಇನ್ನೊಬ್ಬರು ಬೆನ್ನಿಗೆ, ಬಾಲಕ್ಕೆ. ಅವರನ್ನು ನೋಡಿ ನಗಬೇಕಿಲ್ಲ. ನನ್ನ ಮಷಿನ್ ಪೂರ್ತಿ ತುಕ್ಕು ತಿಂದು ಬರೀ ಬ್ಲೇಡ್ ಉಳಿದರೆ, ಅದನ್ನು ಎಲ್ಲಿ ಕೂರಿಸಬೇಕು ಅಂತ ಯಾರಿಗೆ ಹೊಳೆದೀತು?

ಗುಟ್ಟು ಬಯಲಾದದ್ದು 2013ರಲ್ಲಿ. ಅಮೆರಿಕದ ಐಡಾಹೊದ ಫಾಸ್ಫೇಟ್ ಗಣಿಯಲ್ಲಿ ಹಿಂದೆಯೇ ಸಿಕ್ಕಿದ್ದ ಒಂದು ಸುರುಳಿಗೆ ಸಿಟಿ ಸ್ಕ್ಯಾನ್ ಮಾಡಿದರು. 23 ಸೆಂಟಿಮೀಟರ್ ಅಗಲ, 117 ಹಲ್ಲು. ಅಂದರೆ ನಮ್ಮ 9 ಇಂಚಿನ ಬ್ಲೇಡಿನಷ್ಟು. ಕಲ್ಲಿನೊಳಗೆ ದವಡೆಯ ಗುರುತೂ ಉಳಿದಿತ್ತು. ನೋಡಿದರೆ ಸುರುಳಿ ಇಡೀ ಕೆಳದವಡೆಯನ್ನೇ ತುಂಬಿಕೊಂಡಿದೆ, ಹೊರಗೆ ಏನೂ ಇಲ್ಲ. ಮೇಲಿನ ದವಡೆಯಲ್ಲಿ ಹಲ್ಲೇ ಇಲ್ಲ. ಇನ್ನೊಂದು ವಿಷಯ, ಇದು ನಿಜವಾದ ಶಾರ್ಕಿಗಿಂತ ಕೈಮೀರಾ ಅನ್ನೋ ಮೀನಿಗೆ ಹತ್ತಿರದ ನೆಂಟ.

ನನ್ನ ಬ್ಲೇಡಿನ ಹಲ್ಲು ಸವೆದರೆ ಹೊಸದು ಬೆಸೆಸಿಕೊಂಡು ಬರುತ್ತೇನೆ. ಈಗಿನ ಶಾರ್ಕ್ ಹಳೇ ಹಲ್ಲು ಉದುರಿಸುತ್ತದೆ. ಈ ಪ್ರಾಣಿ ಒಂದನ್ನೂ ಬಿಡುತ್ತಿರಲಿಲ್ಲ. ಹಿಂದಿನಿಂದ ದೊಡ್ಡ ಹಲ್ಲು ಬಂದ ಹಾಗೆ ಹಳೇದು ದರ್ಜಿಯ ಟೇಪಿನಂತೆ ಒಳಗೆ ಸುತ್ತಿಕೊಳ್ಳುತ್ತಿತ್ತು. ನಟ್ಟನಡುವೆ ಇರುವ ಚಿಕ್ಕ ಹಲ್ಲು ಅದು ಮರಿಯಾಗಿದ್ದಾಗಿನವು! ಸವೆತವೂ ಕಡಿಮೆ. ಮೆತ್ತನೆಯದನ್ನು ಕೊಯ್ಯುವ ಬ್ಲೇಡ್ ಬಾಳಿಕೆ ಬರುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಸ್ಕ್ವಿಡ್‌ನಂಥ ಎಲುಬಿಲ್ಲದ ಮೆತ್ತನೆ ಪ್ರಾಣಿಗಳನ್ನು ತಿನ್ನುತ್ತಿತ್ತು ಅಂತ ತಿಳಿದವರೂ ಹೇಳುತ್ತಾರೆ.

ಚಿತ್ರ ಬಂದ ಮೇಲೆ ಇಲ್ಲಿನ ಹುಡುಗರು ಕಪ್ಪು ಗೆರೆಯ ಕಲ್ಲು ತಂದು "ಶಾರ್ಕ್ ಮುಳ್ಳು" ಅಂತ ತೋರಿಸುತ್ತಿದ್ದಾರೆ. ಅವು ಕಲ್ಲಿನ ಸಂದಿಗೆ ಇಳಿದ ನೀರು ಬಿಟ್ಟು ಹೋದ ಮ್ಯಾಂಗನೀಸ್ ಕಲೆ. ನಮ್ಮ ಕಲ್ಲೂ ಸಮುದ್ರದಲ್ಲೇ ಕೂತದ್ದು ನಿಜ. ಆದರೆ ಹೆಲಿಕೋಪ್ರಿಯಾನ್ ಇದ್ದದ್ದು ಸುಮಾರು 28 ಕೋಟಿ ವರ್ಷದ ಹಿಂದೆ. ಶಹಾಬಾದ್ ಕಲ್ಲು ಮೀನು ಅನ್ನೋದೇ ಇಲ್ಲದ ಕಾಲದ್ದು.

ದಯವಿಟ್ಟು ಸರಿಯಾದ ಚಿತ್ರ ಇನ್ನೊಮ್ಮೆ ಹಾಕಿ. ಹಳೇದನ್ನು ಮಗಳು ಆಗಲೇ ನನ್ನ ಸ್ವಿಚ್ ಬೋರ್ಡಿಗೆ ಅಂಟಿಸಿದ್ದಾಳೆ.

ಒಬ್ಬ ಪರಸಿ ಕೆಲಸದವ,
ಶಹಾಬಾದ್, ಕಲಬುರಗಿ ಜಿಲ್ಲೆ